ಕಾರಿನ ಹೀಟರ್: ರಚನೆ ಮತ್ತು ದೋಷಪತ್ತೆ

ಕಾರಿನ ಹೀಟರ್ ಎಂದರೆ ಎಂಜಿನ್‌ನಲ್ಲಿ ಹುಟ್ಟಿ ವ್ಯರ್ಥವಾಗುವ ಶಾಖದ ಒಂದಂಶವನ್ನು ಪ್ರಯಾಣಿಕರ ಕೋಣೆಗೆ ತಿರುಗಿಸಿ ಅದನ್ನು ಬೆಚ್ಚಗಿಡುವ, ಮುಂಗಾಜಿನ ಮೇಲೆ ಕೂರುವ ಮಬ್ಬನ್ನು ನಿವಾರಿಸುವ ಸಾಧನ. ದ್ರವದಿಂದ ತಣಿಯುವ ಎಂಜಿನ್ ಇರುವ ಕಾರುಗಳಲ್ಲಿ ಇದು ಸ್ವತಂತ್ರ ಯಂತ್ರವಲ್ಲ. ಎಂಜಿನ್ ತಣಿಸುವ ವ್ಯವಸ್ಥೆಯದೇ ಒಂದು ಕವಲು. ಹೀಟರ್ ಕೆಟ್ಟಿದೆ ಎಂಬ ದೂರಿನ ಮೂಲ ಅನೇಕ ವೇಳೆ ಡ್ಯಾಶ್‌ಬೋರ್ಡಿನೊಳಗೆ ಇರದೆ ಬಾನೆಟ್ಟಿನ ಕೆಳಗೆ ಇರುವುದಕ್ಕೆ ಇದೇ ಕಾರಣ. ಈ ಲೇಖನದಲ್ಲಿ ಹಳೆಯ ಕಾರು ಎಂದಿರುವುದು ಮುಖ್ಯವಾಗಿ 1960ರಿಂದ 1990ರ ದಶಕದವರೆಗಿನ, ಕೇಬಲ್ ಅಥವಾ ನಿರ್ವಾತದಿಂದ ನಡೆಯುವ ಹೀಟರ್ ಇರುವ ಕಾರುಗಳನ್ನು ಕುರಿತು.

ಇತಿಹಾಸ

ಮೊದಮೊದಲ ಮೋಟಾರು ಕಾರುಗಳಿಗೆ ಮುಚ್ಚಿದ ಮೈ ಇರಲಿಲ್ಲ. ಬೆಚ್ಚಗಿಡಲು ಕೋಣೆಯೇ ಇಲ್ಲದಿದ್ದಾಗ ಹೀಟರಿನ ಮಾತೂ ಹುಟ್ಟಲಿಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಚಳಿಗಾಲದಲ್ಲಿ ಪ್ರಯಾಣಿಕರು ಕಂಬಳಿ ಹೊದ್ದು, ಕಾಲ ಬಳಿ ಕೆಂಡದ ಪೆಟ್ಟಿಗೆಯನ್ನೋ ಕಾಯಿಸಿದ ಇಟ್ಟಿಗೆಯನ್ನೋ ಇಟ್ಟುಕೊಂಡು ಹೊರಡುತ್ತಿದ್ದರು. 1893ರಲ್ಲಿ ಶಿಕಾಗೊದ ಮಾರ್ಗರೆಟ್ ವಿಲ್‌ಕಾಕ್ಸ್ ಪಡೆದ ಹೀಟರ್ ಪೇಟೆಂಟನ್ನು ಕಾರ್ ಹೀಟರಿನ ಮೂಲವೆಂದು ಹೇಳುವುದುಂಟು. ಆದರೆ ಅದು ರೈಲುಬೋಗಿಗಾಗಿ ಮಾಡಿದ್ದು.

1920ರ ದಶಕದಲ್ಲಿ ಮುಚ್ಚಿದ ಮೈಯ ಕಾರುಗಳು ಸಾಮಾನ್ಯವಾದವು. ಆಗ ಮೊದಲು ಬಂದದ್ದು ಎಕ್ಸಾಸ್ಟ್ ಕೊಳವೆಯ ಬಿಸಿಯನ್ನು ಬಳಸುವ ವಿಧಾನ. ಫೋರ್ಡ್ ಮಾಡೆಲ್ ಎ ಕಾರಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸುತ್ತ ತಗಡಿನ ಕವಚ ತೊಡಿಸಿ, ಅದರೊಳಗೆ ಹಾಯುವ ಗಾಳಿಯನ್ನು ಒಳಗೆ ಬಿಡುವ ಹೀಟರ್ ಸಿಗುತ್ತಿತ್ತು. ಶಾಖದ ಮೇಲೆ ಹಿಡಿತವಿಲ್ಲದಿರುವುದು, ಜೊತೆಗೆ ಹೊಗೆಯ ವಾಸನೆ ಒಳಗೆ ಬರುವುದು ಇದರ ಕೊರತೆಗಳಾಗಿದ್ದವು. ಎಂಜಿನ್ನಿನ ಬಿಸಿನೀರನ್ನು ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆಗೆ ಹಾಯಿಸಿ, ಫ್ಯಾನಿನಿಂದ ಗಾಳಿ ಊದುವ ಮಾದರಿ 1930ರ ದಶಕದಲ್ಲಿ ಬಳಕೆಗೆ ಬಂತು. ಇವು ಕೋಣೆಯೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ಕಾಯಿಸುತ್ತಿದ್ದುದರಿಂದ ಗಾಜು ಮಬ್ಬಾಗುತ್ತಿತ್ತು. ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ಹೊರಗಿನ ಗಾಳಿಯನ್ನು ಸೋಸಿ, ಕಾಯಿಸಿ, ತುಸು ಒತ್ತಡದಲ್ಲಿ ಒಳಗೆ ಬಿಡುವ ವ್ಯವಸ್ಥೆಯನ್ನು ತಂದಿತು. ಮರುವರ್ಷ ಅದಕ್ಕೆ ಉಷ್ಣತೆಯ ಸ್ವಯಂ ನಿಯಂತ್ರಣ ಸೇರಿ ವೆದರ್ ಐ ಎಂಬ ಹೆಸರು ಬಂತು. ಇಂದಿನ ಕಾರುಗಳ ಹೀಟರ್ ಮೂಲತಃ ಇದೇ ಬಗೆಯದು.

ಎರಡನೆಯ ಮಹಾಯುದ್ಧದ ನಂತರವೂ ಯುರೋಪಿನಲ್ಲಿ ಹೀಟರ್ ಬಹುಕಾಲ ಬೇರೆ ಹಣ ಕೊಟ್ಟು ಹಾಕಿಸಿಕೊಳ್ಳುವ ವಸ್ತುವಾಗಿತ್ತು. 1959ರಲ್ಲಿ ಬಂದ ಬ್ರಿಟಿಷ್ ಮಿನಿ ಕಾರಿನ ಅಗ್ಗದ ಮಾದರಿಯಲ್ಲಿ ಅದು ಇರಲಿಲ್ಲ. ಭಾರತದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿಯೂ ಎಲ್ಲ ಕಾರುಗಳಿಗೆ ಹೀಟರ್ ಬರುತ್ತಿರಲಿಲ್ಲ. ಹವಾನಿಯಂತ್ರಣ ಸಾಮಾನ್ಯವಾದ ಮೇಲೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸೇರಿ, ದಕ್ಷಿಣ ಭಾರತದ ಕಾರುಗಳಲ್ಲಿಯೂ ಹೀಟರ್ ತಾನಾಗಿ ಬಂತು.

ರಚನೆ ಮತ್ತು ಕೆಲಸ

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಸ್ಥೂಲವಾಗಿ ಕಾಲು ಭಾಗ. ಉಳಿದುದರಲ್ಲಿ ಹೆಚ್ಚಿನದು ಎಕ್ಸಾಸ್ಟ್ ಮತ್ತು ಕೂಲೆಂಟ್‌ಗಳ ಮೂಲಕ ಹೊರಹೋಗುತ್ತದೆ. ಕೂಲೆಂಟ್ ಎಂದರೆ ನೀರು ಮತ್ತು ಎಥಿಲೀನ್ ಗ್ಲೈಕಾಲ್ ಬೆರೆತ, ತುಕ್ಕುನಿರೋಧಕ ರಾಸಾಯನಿಕಗಳಿರುವ ದ್ರವ. ಸಮಪ್ರಮಾಣದ ಮಿಶ್ರಣ ಸುಮಾರು -37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ರೇಡಿಯೇಟರಿನ ಒತ್ತಡದ ಮುಚ್ಚಳ ಅದರ ಕುದಿಬಿಂದುವನ್ನು ಇನ್ನಷ್ಟು ಏರಿಸುತ್ತದೆ.

ಎಂಜಿನ್ನಿನಿಂದ ಹೊರಟ ಬಿಸಿ ಕೂಲೆಂಟ್ ಎರಡು ದಾರಿ ಹಿಡಿಯುತ್ತದೆ. ಒಂದು ಥರ್ಮೋಸ್ಟಾಟ್ ದಾಟಿ ರೇಡಿಯೇಟರಿಗೆ. ಇನ್ನೊಂದು ಎರಡು ಸಣ್ಣ ರಬ್ಬರ್ ಹೋಸ್‌ಗಳ ಮೂಲಕ, ಎಂಜಿನ್ ಮತ್ತು ಕೋಣೆಯ ನಡುವಿನ ತಗಡುಗೋಡೆಯನ್ನು ದಾಟಿ ಹೀಟರ್ ಕಾಯಿಲ್‌ಗೆ. ಹೀಟರ್ ಕಾಯಿಲ್ ಡ್ಯಾಶ್‌ಬೋರ್ಡಿನ ಒಳಗೆ ಹುದುಗಿರುವ ಪುಟ್ಟ ರೇಡಿಯೇಟರ್. ಈ ಎರಡನೆಯ ಕವಲು ಥರ್ಮೋಸ್ಟಾಟ್‌ಗಿಂತ ಮೊದಲೇ ಒಡೆಯುವುದರಿಂದ, ಥರ್ಮೋಸ್ಟಾಟ್ ಮುಚ್ಚಿರುವಾಗಲೂ, ಎಂದರೆ ಎಂಜಿನ್ ಇನ್ನೂ ಕಾಯುತ್ತಿರುವಾಗಲೂ, ಹೀಟರಿಗೆ ದ್ರವ ಹರಿಯುತ್ತದೆ.

ಥರ್ಮೋಸ್ಟಾಟ್ ಮೇಣ ತುಂಬಿದ ಗುಂಡಿಯಿರುವ ಒಂದು ಕವಾಟ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ಮೇಣ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ತೆರೆಯುವ ಉಷ್ಣತೆಯನ್ನು ಅದರ ಲೋಹದ ಮೇಲೆಯೇ ಅಚ್ಚೊತ್ತಿರುತ್ತಾರೆ. ಕೂಲೆಂಟನ್ನು ತಳ್ಳುವುದು ವಾಟರ್ ಪಂಪ್. ಮೆಕ್ಯಾನಿಕ್‌ಗಳ ಮಾತಿನಲ್ಲಿ ವಾಟರ್ ಬಾಡಿ. ಕಾಯಿಲ್ ಮೇಲೆ ಗಾಳಿ ಊದುವ ವಿದ್ಯುತ್ ಫ್ಯಾನ್ ಬ್ಲೋವರ್. ಅದರ ವೇಗವನ್ನು ತಗ್ಗಿಸುವುದು ಗಾಳಿಯ ದಾರಿಯಲ್ಲೇ ಕೂರಿಸಿದ ರೆಸಿಸ್ಟರ್. ಗಾಳಿ ಗಾಜಿಗೋ, ಮುಖಕ್ಕೋ, ಕಾಲಿಗೋ ಎಂದು ತಿರುಗಿಸುವ ಬಾಗಿಲುಗಳಿಗೆ ಫ್ಲ್ಯಾಪ್ ಎಂದು ಹೆಸರು.

ಬಿಸಿಯನ್ನು ಹೆಚ್ಚು ಕಡಿಮೆ ಮಾಡಲು ಎರಡು ವಿಧಾನಗಳಿವೆ. ಹಳೆಯದರಲ್ಲಿ ಹೋಸ್‌ನ ನಡುವೆ ಹೀಟರ್ ವಾಲ್ವ್ ಇದ್ದು, ಕಾಯಿಲ್‌ಗೆ ಹೋಗುವ ಕೂಲೆಂಟನ್ನೇ ತಡೆಯುತ್ತದೆ. ನಂತರದ್ದರಲ್ಲಿ ಕೂಲೆಂಟ್ ಸದಾ ಹರಿಯುತ್ತಿರುತ್ತದೆ. ಮಿಶ್ರಣದ ಫ್ಲ್ಯಾಪ್ ಎಷ್ಟು ಗಾಳಿ ಕಾಯಿಲ್ ಮೂಲಕ ಹೋಗಬೇಕು, ಎಷ್ಟು ಬದಿಯಿಂದ ಜಾರಬೇಕು ಎಂದು ತೀರ್ಮಾನಿಸುತ್ತದೆ. ಕಾರು ಇವೆರಡರಲ್ಲಿ ಯಾವ ಬಗೆಯದೆಂದು ತಿಳಿಯದೆ ದೋಷ ಹುಡುಕಹೊರಟರೆ ಇಲ್ಲದ ವಾಲ್ವಿಗಾಗಿ ತಡಕಾಡಬೇಕಾಗುತ್ತದೆ.

ಬಗೆಗಳು

ಮೇಲೆ ವಿವರಿಸಿದ ಕೂಲೆಂಟ್ ಹೀಟರ್ ಬಹುಪಾಲು ಕಾರುಗಳಲ್ಲಿರುವುದು. ಗಾಳಿಯಿಂದ ತಣಿಯುವ ಎಂಜಿನ್‌ಗಳದು ಬೇರೆ ಕಥೆ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಎಂಜಿನ್ ಹಿಂದಿದ್ದು, ಎಕ್ಸಾಸ್ಟ್ ಕೊಳವೆಗಳ ಸುತ್ತಲಿನ ಕವಚದಲ್ಲಿ ಕಾದ ಗಾಳಿ ಬಾಗಿಲ ಕೆಳಗಿನ ಟೊಳ್ಳು ತೊಲೆಗಳ ಮೂಲಕ ಮುಂದಕ್ಕೆ ಬರುತ್ತದೆ. ಆ ತೊಲೆಗಳು ತುಕ್ಕು ಹಿಡಿದರೆ ಬಿಸಿಗಾಳಿ ದಾರಿಯಲ್ಲೇ ಸೋರುತ್ತದೆ. ಎಕ್ಸಾಸ್ಟ್ ಕೊಳವೆಯೇ ತೂತಾದರೆ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ನುಗ್ಗುತ್ತದೆ. ಇದು ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ. ಪ್ರಯಾಣದಲ್ಲಿ ತಲೆನೋವು, ಮಂಪರು ಬಂದರೆ ಹೀಟರ್ ಮುಚ್ಚಿ, ಕಿಟಕಿ ತೆರೆದು, ಕಾರು ನಿಲ್ಲಿಸಿ ಹೊರಗೆ ಬರಬೇಕು.

ಮೂರನೆಯದು ಇಂಧನವನ್ನೇ ಪ್ರತ್ಯೇಕವಾಗಿ ಉರಿಸುವ ಹೀಟರ್. ಎಂಜಿನ್ ನಿಂತಿರುವಾಗಲೂ ಕೆಲಸ ಮಾಡುವುದು ಇದರ ಅನುಕೂಲ. ಜರ್ಮನಿಯ ವೆಬಾಸ್ಟೊ, ಎಬರ್‌ಶ್ಪೆಷರ್ ಕಂಪನಿಗಳ ಇಂಥ ಹೀಟರುಗಳು ಶೀತದೇಶಗಳ ಕಾರು, ಲಾರಿಗಳಲ್ಲಿವೆ. ನಾಲ್ಕನೆಯದು ವಿದ್ಯುತ್ ಹೀಟರ್.

ದೋಷಪತ್ತೆ

ಗಾಳಿ ಬರುತ್ತಿದೆಯೇ, ಬರುವ ಗಾಳಿ ಬಿಸಿಯಾಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಮೊದಲನೆಯದು ವಿದ್ಯುತ್ತಿನ ಮತ್ತು ಗಾಳಿದಾರಿಯ ವಿಷಯ. ಎರಡನೆಯದು ಬಹುತೇಕ ಕೂಲೆಂಟಿನ ವಿಷಯ. ಎರಡನ್ನೂ ಕಲಸಿಕೊಂಡು ಡ್ಯಾಶ್‌ಬೋರ್ಡ್ ಬಿಚ್ಚುವುದು ಈ ಕೆಲಸದಲ್ಲಿ ಅತ್ಯಂತ ದುಬಾರಿಯಾಗುವ ತಪ್ಪು.

ಬಿಸಿ ಬಾರದಿದ್ದರೆ ಮೊದಲ ಪರೀಕ್ಷೆ ಕೂಲೆಂಟಿನ ಮಟ್ಟ. ಇದನ್ನು ಎಂಜಿನ್ ಪೂರ್ತಿ ತಣಿದಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ನೋಡಬೇಕು. ಬಿಸಿಯಿರುವಾಗ ತೆರೆದರೆ ಕುದಿಯುವ ದ್ರವ ಚಿಮ್ಮಿ ಸುಡುತ್ತದೆ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲೆಂಟ್ ಕಾಣುತ್ತಿದ್ದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಎಂದಲ್ಲ. ಅನೇಕ ಕಾರುಗಳಲ್ಲಿ ಹೀಟರ್ ಕಾಯಿಲ್ ಎತ್ತರದಲ್ಲಿರುತ್ತದೆ. ಆದ್ದರಿಂದ ಕೂಲೆಂಟ್ ಸ್ವಲ್ಪ ಕಡಿಮೆಯಾದರೂ ಮೊದಲು ಬರಿದಾಗುವುದು ಅದೇ. ಎಂಜಿನ್ ಕುದಿಯುವ ಮುನ್ನ ಹೀಟರ್ ತಣ್ಣಗಾಗುವುದು ಹಾಗಾಗಿ ಒಂದು ಮುನ್ಸೂಚನೆ. ಕೂಲೆಂಟ್ ತೀರ ಕಡಿಮೆಯಿದ್ದಾಗ ಉಷ್ಣತೆಯ ಸೆನ್ಸರ್ ಗಾಳಿಯಲ್ಲಿ ನಿಂತು, ಮೀಟರಿನ ಮುಳ್ಳು ತಪ್ಪು ಲೆಕ್ಕ ತೋರಿಸುವುದೂ ಉಂಟು.

ಮಟ್ಟ ಸರಿಯಿದ್ದರೆ ಮೀಟರ್ ನೋಡಬೇಕು. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೂ ಮುಳ್ಳು ಕೆಳಗೇ ಇದ್ದು, ಹೆದ್ದಾರಿಯಲ್ಲಿ ಇನ್ನೂ ಇಳಿದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ. ತಣ್ಣಗಿನ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿದರೆ ಇದು ಖಚಿತವಾಗುತ್ತದೆ. ಸರಿಯಿರುವ ಥರ್ಮೋಸ್ಟಾಟ್ ಇದ್ದರೆ ಹೋಸ್ ಹಲವು ನಿಮಿಷ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಕಾಯುತ್ತದೆ. ಕೆಟ್ಟದ್ದಾದರೆ ಮೊದಲಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಹೋಗುತ್ತದೆ. ಬಿಚ್ಚಿದ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು, ಒಲೆಯ ಮೇಲೆ ಕಾಯಿಸಿ, ಥರ್ಮಾಮೀಟರ್ ಹಿಡಿದು, ಅಚ್ಚೊತ್ತಿದ ಉಷ್ಣತೆಗೆ ತೆರೆಯುತ್ತದೆಯೇ, ತಣಿದಾಗ ಪೂರ್ತಿ ಮುಚ್ಚುತ್ತದೆಯೇ ಎಂದು ಪರೀಕ್ಷಿಸಬಹುದು.

ಎಂಜಿನ್ ಸರಿಯಾಗಿ ಕಾದಿದ್ದೂ ಗಾಳಿ ತಣ್ಣಗಿದ್ದರೆ ತಗಡುಗೋಡೆಯ ಬಳಿಯ ಎರಡು ಹೀಟರ್ ಹೋಸ್‌ಗಳ ಪರೀಕ್ಷೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಬೆಲ್ಟ್ ಮತ್ತು ಫ್ಯಾನಿನಿಂದ ಕೈ ದೂರವಿರಿಸಿಕೊಂಡು, ಹೋಸ್‌ಗಳನ್ನು ಮೆಲ್ಲಗೆ ಮುಟ್ಟಿ ನೋಡಬೇಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಮುಟ್ಟುವ ಪ್ರಮೇಯವೇ ಇಲ್ಲ. ಎರಡೂ ಸುಡುವಷ್ಟು ಬಿಸಿಯಿದ್ದರೆ ಕಾಯಿಲ್‌ಗೆ ಶಾಖ ತಲುಪುತ್ತಿದೆ; ದೋಷ ಮಿಶ್ರಣದ ಫ್ಲ್ಯಾಪಿನಲ್ಲಿ ಅಥವಾ ಅದರ ಕೇಬಲ್ಲಿನಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ವಾಲ್ವ್ ಮುಚ್ಚಿಕೊಂಡಿದೆ ಇಲ್ಲವೇ ಕಾಯಿಲ್ ಕಟ್ಟಿಕೊಂಡಿದೆ. ವಾಲ್ವಿನ ಎರಡೂ ಕಡೆ ಅಳೆದರೆ ಇವೆರಡರಲ್ಲಿ ಯಾವುದೆಂದು ತಿಳಿಯುತ್ತದೆ. ಎರಡೂ ಉಗುರುಬೆಚ್ಚಗಿದ್ದರೆ ದೋಷ ಕಾಯಿಲ್‌ಗಿಂತ ಹಿಂದೆ, ಪಂಪ್ ಅಥವಾ ಏರ್ ಲಾಕ್ ಕಡೆಗಿದೆ.

ಏರ್ ಲಾಕ್ ಎಂದರೆ ಕೊಳವೆಯ ಎತ್ತರದ ಭಾಗದಲ್ಲಿ ಗಾಳಿ ಸಿಕ್ಕಿಕೊಂಡು ದ್ರವದ ಹರಿವು ನಿಲ್ಲುವುದು. ಕೂಲೆಂಟ್ ಬದಲಿಸಿದ ಮರುದಿನವೇ ಹೀಟರ್ ನಿಂತರೆ ಕಾರಣ ಸಾಮಾನ್ಯವಾಗಿ ಇದೇ. ಕಾರಿನ ಮೂತಿಯನ್ನು ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು, ಗಾಳಿ ಬಿಡುವ ತಿರುಪು ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆ ನಿಂತು ಬರೀ ದ್ರವ ಬರುವವರೆಗೆ ತುಂಬಿಸಬೇಕು. ಗಾಳಿ ತೆಗೆದರೂ ಪದೇಪದೇ ಸೇರಿಕೊಳ್ಳುತ್ತಿದ್ದರೆ ಅದು ಹೊರಗಿನ ಗಾಳಿಯಲ್ಲ, ಹೆಡ್ ಗ್ಯಾಸ್ಕೆಟ್ ದಾಟಿ ಬಂದ ಉರಿದ ಅನಿಲ ಎಂದು ಶಂಕಿಸಬೇಕು. ಈ ಅನಿಲ ಸೋಕಿದರೆ ನೀಲಿಯಿಂದ ಹಳದಿಗೆ ತಿರುಗುವ ಪರೀಕ್ಷಾದ್ರವ ದೊರೆಯುತ್ತದೆ.

ಕಾರು ಓಡುವಾಗ ಬಿಸಿ, ಸಿಗ್ನಲ್ಲಿನಲ್ಲಿ ನಿಂತಾಗ ತಣ್ಣಗೆ ಎಂಬುದು ಇನ್ನೊಂದು ಸಾಮಾನ್ಯ ದೂರು. ಎಂಜಿನ್ ನಿಧಾನವಾಗಿ ತಿರುಗುವಾಗ ಪಂಪಿನ ಒತ್ತಡ ಹೀಟರ್ ಕವಲಿಗೆ ಸಾಲುತ್ತಿಲ್ಲ ಎಂದು ಇದರ ಅರ್ಥ. ಕೂಲೆಂಟ್ ಕೊರತೆ, ಸಡಿಲ ಬೆಲ್ಟ್, ಅರೆಕಟ್ಟಿದ ಕಾಯಿಲ್, ರೆಕ್ಕೆ ಸವೆದ ವಾಟರ್ ಪಂಪ್ ಇದಕ್ಕೆ ಕಾರಣಗಳು; ಹುಡುಕುವುದೂ ಇದೇ ಕ್ರಮದಲ್ಲಿ, ಏಕೆಂದರೆ ಖರ್ಚು ಏರುವುದೂ ಹೆಚ್ಚು ಕಡಿಮೆ ಇದೇ ಕ್ರಮದಲ್ಲಿ.

ಕಾಯಿಲ್ ಸೋರುವುದನ್ನು ಉಪಕರಣವಿಲ್ಲದೆ ಗುರುತಿಸಬಹುದು. ಹೀಟರ್ ಹಾಕಿದೊಡನೆ ಸಿಹಿಯಾದ ವಾಸನೆ ಬರುತ್ತದೆ. ಮುಂಗಾಜಿನ ಒಳಮೈಯಲ್ಲಿ ಬಟ್ಟೆಯಿಂದ ಒರೆಸಿದಷ್ಟೂ ಹರಡಿಕೊಳ್ಳುವ ಜಿಡ್ಡಿನ ಪೊರೆ ಕೂರುತ್ತದೆ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಅಂಟುತ್ತದೆ. ಅಂಟದ, ವಾಸನೆಯಿಲ್ಲದ ಬರೀ ನೀರಾದರೆ ಅದು ಮಳೆನೀರು ಇಲ್ಲವೇ ಏಸಿಯ ಒಸರು, ಕಾಯಿಲ್ ಅಲ್ಲ. ಗ್ಲೈಕಾಲ್ ರುಚಿ ಸಿಹಿ, ಗುಣ ವಿಷ. ಮಕ್ಕಳು, ನಾಯಿ, ಬೆಕ್ಕುಗಳು ನೆಕ್ಕದಂತೆ ಕೂಡಲೇ ತೊಳೆಯಬೇಕು.

ಇನ್ನು ಗಾಳಿಯೇ ಬಾರದಿರುವುದು. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿ, ಉಳಿದ ವೇಗಗಳಲ್ಲಿ ಸತ್ತಂತಿದ್ದರೆ ರೆಸಿಸ್ಟರ್ ಸುಟ್ಟಿದೆ. ಪೂರ್ಣ ವೇಗದಲ್ಲಿ ವಿದ್ಯುತ್ ರೆಸಿಸ್ಟರನ್ನು ಬಳಸದೆ ನೇರ ಹೋಗುವುದರಿಂದ ಅದೊಂದು ಉಳಿದಿರುತ್ತದೆ. ಯಾವ ವೇಗದಲ್ಲೂ ತಿರುಗದಿದ್ದರೆ ಫ್ಯೂಸ್, ಸ್ವಿಚ್, ಮೋಟಾರಿನ ಪ್ಲಗ್ ಹೀಗೆ ಕ್ರಮವಾಗಿ ಪರೀಕ್ಷಿಸುತ್ತ ಬರಬೇಕು. ಪ್ಲಗ್‌ನಲ್ಲಿ ಮಲ್ಟಿಮೀಟರ್ ಸುಮಾರು 12 ವೋಲ್ಟ್ ತೋರಿಸಿ, ಅರ್ತ್ ಸರಿಯಿದ್ದೂ ಮೋಟಾರ್ ಅಲುಗದಿದ್ದರೆ ಸಾಮಾನ್ಯವಾಗಿ ಕಾರ್ಬನ್ ಬ್ರಷ್ ಸವೆದಿರುತ್ತದೆ. ಹೊಸ ರೆಸಿಸ್ಟರ್ ಮತ್ತೆ ಮತ್ತೆ ಸುಡುತ್ತಿದ್ದರೆ ತಪ್ಪು ರೆಸಿಸ್ಟರಿನದಲ್ಲ. ಬೇರಿಂಗ್ ಬಿಗಿಯಾದ ಮೋಟಾರ್ ಅತಿಯಾದ ಕರೆಂಟ್ ಎಳೆಯುತ್ತಿದೆ ಎಂದು ತಿಳಿಯಬೇಕು. ಪ್ಲಗ್ಗಿನ ಪ್ಲಾಸ್ಟಿಕ್ ಕರಗಿ ಕಂದಾಗಿರುವುದು ಇದಕ್ಕೆ ಸಾಕ್ಷಿ. ಮೋಟಾರ್ ಸದ್ದು ಮಾಡಿದರೂ ಗಾಳಿ ಕಡಿಮೆಯಿದ್ದರೆ ಮುಂಗಾಜಿನ ಬುಡದ ಗಾಳಿಕಿಂಡಿಯಲ್ಲಿ ಒಣಗಿದ ಎಲೆ, ಇಲಿಗೂಡು ಇದೆಯೇ ಎಂದು ನೋಡಬೇಕು.

ಫ್ಲ್ಯಾಪ್‌ಗಳ ಅಂಚಿಗೆ ಅಂಟಿಸಿದ ಸ್ಪಂಜು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಪುಡಿಯಾಗುತ್ತದೆ. ಕಿಂಡಿಗಳಿಂದ ಕಪ್ಪು ಚೂರುಗಳು ಹಾರಿ ಮಡಿಲಿಗೆ ಬೀಳತೊಡಗಿದರೆ ಬಿಸಿಗಾಳಿ, ತಣ್ಣನೆಯ ಗಾಳಿಗಳ ನಡುವಿನ ತಡೆ ಹೋಗಿದೆ ಎಂದರ್ಥ. ನಿರ್ವಾತದಿಂದ ನಡೆಯುವ ಫ್ಲ್ಯಾಪ್‌ಗಳಲ್ಲಿ ತೆಳು ಕೊಳವೆ ಬಿರಿದರೆ, ಸ್ವಿಚ್ ಎಲ್ಲಿಗೆ ತಿರುಗಿಸಿದರೂ ಗಾಳಿ ಒಂದೇ ಕಡೆ ಬರುತ್ತದೆ. ಸದಾ ಬಿಸಿಯೇ ಬರುವುದು ಬಿಸಿ ಬಾರದಿರುವುದಕ್ಕೆ ಉಲ್ಟಾ ದೋಷ. ವಾಲ್ವ್ ತೆರೆದೇ ಉಳಿದಿದೆ ಅಥವಾ ಕೇಬಲ್ ಕಳಚಿದೆ. ಮರ್ಸಿಡಿಸ್‌ನ ಡಬ್ಲ್ಯು126 ಮಾದರಿಯಂಥ ಕಾರುಗಳಲ್ಲಿ ಹೀಟರ್ ವಾಲ್ವನ್ನು ಮುಚ್ಚಿಡುವುದು ವಿದ್ಯುತ್. ಅದು ನಿಂತರೆ ಅಥವಾ ಒಳಗಿನ ರಬ್ಬರ್ ಪೊರೆ ಹರಿದರೆ ಬೇಸಿಗೆಯಲ್ಲೂ ಬಿಸಿಗಾಳಿ ತಪ್ಪುವುದಿಲ್ಲ.

ದುರಸ್ತಿ

ಕಟ್ಟಿಕೊಂಡ ಕಾಯಿಲನ್ನು ಬಿಚ್ಚದೆಯೂ ತೊಳೆಯಬಹುದು. ಎರಡೂ ಹೋಸ್ ಕಳಚಿ, ಹರಿವಿನ ವಿರುದ್ಧ ದಿಕ್ಕಿನಿಂದ ತೋಟದ ಪೈಪಿನ ನೀರನ್ನು ಹದವಾದ ಒತ್ತಡದಲ್ಲಿ ಹಾಯಿಸಿದರೆ ಮೊದಲು ಕಂದು ಕೆಸರು, ಆಮೇಲೆ ತಿಳಿನೀರು ಬರುತ್ತದೆ. ಕಂಪ್ರೆಸರಿನ ಗಾಳಿ ಹೊಡೆಯಬಾರದು. ಹಳೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಬೇರೆ ಬೇರೆ ರಾಸಾಯನಿಕದ ಕೂಲೆಂಟ್‌ಗಳನ್ನು ಬೆರೆಸುವುದು, ರೇಡಿಯೇಟರ್ ಸೋರಿಕೆ ನಿಲ್ಲಿಸಲು ಪುಡಿ ಹಾಕುವುದು, ಇವೆರಡೂ ಕಾಯಿಲ್ ಕಟ್ಟಿಕೊಳ್ಳಲು ಕಾರಣ. ಅದರ ನಳಿಗೆಗಳು ರೇಡಿಯೇಟರಿನವುಗಳಿಗಿಂತ ಸಣ್ಣವು.

ಕಾಯಿಲ್ ಬದಲಿಸುವಾಗ ಬಿಡಿಭಾಗದ ಬೆಲೆಗಿಂತ ಕೂಲಿಯೇ ಹೆಚ್ಚಾಗುತ್ತದೆ, ಏಕೆಂದರೆ ಅನೇಕ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. 1974ರಿಂದ 1993ರವರೆಗೆ ತಯಾರಾದ ವೋಲ್ವೊ 240 ಕಾರಿನಲ್ಲಿ ಬ್ಲೋವರ್ ಮೋಟಾರ್ ಹೀಟರ್ ಪೆಟ್ಟಿಗೆಯ ನಟ್ಟನಡುವೆ ಇದ್ದು, ಅದನ್ನು ಹೊರತೆಗೆಯುವ ತ್ರಾಸಕ್ಕಾಗಿಯೇ ಕಾರು ಹೆಸರಾಗಿದೆ. ಸೋರುವ ಕಾಯಿಲ್‌ಗೆ ತಾತ್ಕಾಲಿಕ ಉಪಾಯ ಬೈಪಾಸ್: ಎರಡು ಹೋಸ್‌ಗಳನ್ನು ಎಂಜಿನ್ ಬದಿಯಲ್ಲೇ ಒಂದು ಕೊಳವೆಯಿಂದ ಜೋಡಿಸಿಬಿಡುವುದು. ಎಂಜಿನ್ ಸುರಕ್ಷಿತ, ಹೀಟರ್ ಇಲ್ಲ.

ಕರ್ನಾಟಕದಲ್ಲಿ

ಬಯಲುಸೀಮೆಯಲ್ಲಿ ಹೀಟರ್ ವರ್ಷಗಟ್ಟಲೆ ಬಳಕೆಯಾಗುವುದಿಲ್ಲ. ಮಳೆಗಾಲದಲ್ಲಿ ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ, ಕೊಡಗಿನ ರಸ್ತೆಗಳಲ್ಲಿ ಮುಂಗಾಜಿನ ಮಬ್ಬು ಬಿಡಿಸಲು ಅದು ಬೇಕಾಗುತ್ತದೆ. ಏಸಿ ಮತ್ತು ಹೀಟರ್ ಎರಡನ್ನೂ ಹಾಕಿದರೆ ಏಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಅದನ್ನು ಬೆಚ್ಚಗೆ ಮಾಡುತ್ತದೆ. ಗಾಜು ಬೇಗ ತಿಳಿಯಾಗುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಫ್ಲ್ಯಾಪ್ ಸಿಕ್ಕಿಕೊಂಡಿದ್ದರೆ ಏಸಿ ಇಲ್ಲದೆ ಈ ಮಬ್ಬು ಹೋಗುವುದಿಲ್ಲ. ಘಾಟಿ ಹತ್ತುವಾಗ ಎಂಜಿನ್ ಕುದಿಯುವ ಸೂಚನೆ ಕಂಡರೆ ಹೀಟರನ್ನು ಪೂರ್ತಿ ತೆರೆದು, ಹೆಚ್ಚುವರಿ ಶಾಖವನ್ನು ಕೋಣೆಗೆ ಎಳೆದುಕೊಂಡು, ಕಾರು ನಿಲ್ಲಿಸಲು ಜಾಗ ಸಿಗುವವರೆಗೆ ಸಾಗಬಹುದು.

ಇಲ್ಲಿಯ ಹಳೆಯ ಕಾರುಗಳ ದೋಷಪತ್ತೆಯಲ್ಲಿ ಪುಸ್ತಕಗಳು ಹೇಳದ ಎರಡು ಸಂಗತಿಗಳನ್ನು ಗಮನಿಸಬೇಕು. ಸೆಕೆಯ ಊರಿಗೆ ಥರ್ಮೋಸ್ಟಾಟ್ ಬೇಡವೆಂದು ಅದನ್ನು ತೆಗೆದುಹಾಕುವ ರೂಢಿ ಗ್ಯಾರೇಜುಗಳಲ್ಲಿದೆ. ಹೀಗಾಗಿ ಅದು ಕೆಟ್ಟಿದೆಯೇ ಎಂದು ಕೇಳುವ ಮೊದಲು ಇದೆಯೇ ಎಂದು ನೋಡಬೇಕು. ತೆಗೆದುದರಿಂದ ಎಂಜಿನ್ ಸದಾ ತಂಪಾಗಿ ಓಡಿ, ಪೆಟ್ರೋಲ್ ಹೆಚ್ಚು ಕುಡಿದು, ಬೇಗ ಸವೆಯುತ್ತದೆ. ಈ ರೂಢಿಗೆ ತಾಂತ್ರಿಕ ಸಮರ್ಥನೆಯಿಲ್ಲ. ಎರಡನೆಯದು ಕೂಲೆಂಟಿನ ಬದಲು ಕೊಳವೆಬಾವಿಯ ಗಡಸು ನೀರು ತುಂಬಿಸುವುದು. ಅದರ ಸುಣ್ಣದ ಪದರ ಕಾಯಿಲ್‌ನ ನಳಿಗೆಗಳಲ್ಲಿ ಗಟ್ಟಿಯಾಗುತ್ತದೆ, ತುಕ್ಕು ಪಂಪಿನ ರೆಕ್ಕೆಯನ್ನು ತಿನ್ನುತ್ತದೆ. ಕರ್ನಾಟಕದಲ್ಲಿ ಹಿಂದಿನ ಮಾಲೀಕರು ಹೀಟರ್ ಬೈಪಾಸ್ ಮಾಡಿಸಿ, ಹೇಳದೆ ಮಾರಿದ ಕಾರನ್ನು ಕೊಂಡವರಿಗೆ ಅದು ಗೊತ್ತಾಗುವುದು ಉತ್ತರ ಭಾರತದ ಚಳಿಗೆ ಹೋದಾಗ. ಮನಾಲಿ, ಲೇಹ್ ಕಡೆ ಹೊರಡುವವರು ಊರಿನಲ್ಲೇ ಎರಡು ಹೋಸ್‌ಗಳನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇಂದಿನ ಸ್ಥಿತಿ

ಹೊಸ ಕಾರುಗಳಲ್ಲಿ ಕೇಬಲ್ಲಿನ ಜಾಗಕ್ಕೆ ಸಣ್ಣ ವಿದ್ಯುತ್ ಮೋಟಾರುಗಳು ಬಂದಿವೆ. ದೋಷಪತ್ತೆ ಸ್ಕ್ಯಾನರಿನಿಂದ ಆರಂಭವಾಗುತ್ತದೆ. ಅದು ತೋರಿಸುವ ಪಿ0128 ಸಂಕೇತಕ್ಕೆ ಕೂಲೆಂಟ್ ನಿಗದಿತ ಉಷ್ಣತೆ ಮುಟ್ಟುತ್ತಿಲ್ಲ ಎಂದು ಅರ್ಥ, ಕಾರಣ ಬಹುಪಾಲು ಅದೇ ಹಳೆಯ ಥರ್ಮೋಸ್ಟಾಟ್. ವಿದ್ಯುತ್ ಕಾರುಗಳಲ್ಲಿ ಎಂಜಿನ್ನಿನ ವ್ಯರ್ಥ ಶಾಖವೇ ಇಲ್ಲ. ಹೀಟರ್ ಬ್ಯಾಟರಿಯನ್ನು ಬಳಸಿ ಓಟದ ದೂರವನ್ನು ಕಡಿಮೆ ಮಾಡುವುದರಿಂದ, ಹೊರಗಿನ ಗಾಳಿಯ ಶಾಖವನ್ನೇ ಒಳಗೆ ತರುವ ಹೀಟ್ ಪಂಪ್ ಬಳಕೆಗೆ ಬಂದಿದೆ.

ಹಳೆಯ ಕಾರುಗಳ ಬಿಡಿಭಾಗಗಳು ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಗಳಲ್ಲಿ ಹುಡುಕಿದರೆ ಸಿಗುವುದುಂಟು. ತಾಮ್ರ ಮತ್ತು ಹಿತ್ತಾಳೆಯ ಹಳೆಯ ಕಾಯಿಲ್‌ಗಳನ್ನು ರೇಡಿಯೇಟರ್ ರಿಪೇರಿಯವರು ಬೆಸುಗೆ ಹಾಕಿ ಉಳಿಸಿಕೊಡಬಲ್ಲರು. ಆಮೇಲೆ ಬಂದ ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಕಾಯಿಲ್‌ಗಳು ಸೋರಿದರೆ ಬದಲಿಸುವುದೊಂದೇ ದಾರಿ.